ಎಕ್ಸೆಟರ್‌ನಲ್ಲಿ ರಸಾಯನಶಾಸ್ತ್ರ ಮುಚ್ಚಿದ ಬಗೆ: ಸಂಶೋಧನಾ ಅನುದಾನ ಹಂಚಿಕೆಯ ಒಂದು ಪ್ರಕರಣ ಅಧ್ಯಯನ

ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್ ಪ್ರಾಂತ್ಯದಲ್ಲಿರುವ ಎಕ್ಸೆಟರ್ ವಿಶ್ವವಿದ್ಯಾಲಯವು 2004ರ ನವೆಂಬರ್‌ನಲ್ಲಿ ತನ್ನ ರಸಾಯನಶಾಸ್ತ್ರ ವಿಭಾಗವನ್ನು ಮುಚ್ಚುವುದಾಗಿ ಪ್ರಕಟಿಸಿತು. ಸಂಗೀತ ಮತ್ತು ಇಟಾಲಿಯನ್ ವಿಭಾಗಗಳ ಮೇಲೂ ಅದೇ ಯೋಜನೆಯ ಕತ್ತರಿ ಬಿದ್ದಿತು. ಒಟ್ಟು ನೂರಕ್ಕೂ ಹೆಚ್ಚು ಹುದ್ದೆಗಳು ಹೋಗುವುದಿದ್ದವು. ವಿದ್ಯಾರ್ಥಿಗಳು ಬೀದಿಗಿಳಿದರು, ರಸಾಯನಶಾಸ್ತ್ರಜ್ಞರ ಸಂಘಗಳು ಪ್ರತಿಭಟಿಸಿದವು. 1996ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದಿದ್ದ ಹ್ಯಾರಿ ಕ್ರೋಟೋ ಅವರು ಎಕ್ಸೆಟರ್ ತಮಗೆ ಕೊಟ್ಟಿದ್ದ ಗೌರವ ಪದವಿಯನ್ನು ಹಿಂದಿರುಗಿಸಿದರು. ಇದಾವುದೂ ತೀರ್ಮಾನವನ್ನು ಬದಲಿಸಲಿಲ್ಲ.

ಈ ಪ್ರಕರಣವನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ಆ ವಿಭಾಗವು ಕಳಪೆಯೆಂದು ಯಾರೂ ಹೇಳಿರಲಿಲ್ಲ. 2001ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಅದಕ್ಕೆ 4ನೇ ದರ್ಜೆ ಸಿಕ್ಕಿತ್ತು. ಮೌಲ್ಯಮಾಪನದ ಅಧಿಕೃತ ವಿವರಣೆಯ ಪ್ರಕಾರ 4ನೇ ದರ್ಜೆಯೆಂದರೆ, ಸಲ್ಲಿಸಿದ ಸಂಶೋಧನೆಯಲ್ಲಿ ಬಹುತೇಕ ಎಲ್ಲವೂ ರಾಷ್ಟ್ರಮಟ್ಟದ ಶ್ರೇಷ್ಠತೆಗೆ ಸಲ್ಲುವಂಥದ್ದು, ಅಂತರರಾಷ್ಟ್ರೀಯ ಶ್ರೇಷ್ಠತೆಯ ಕೆಲವು ಕುರುಹುಗಳೂ ಇರುವಂಥದ್ದು. ಸರ್ಕಾರವೇ ನೇಮಿಸಿದ ಪರಿಣತರು ಹೀಗೆ ಬರೆದುಕೊಟ್ಟ ಮೂರೇ ವರ್ಷಗಳಲ್ಲಿ ವಿಭಾಗವು ಬಾಗಿಲು ಹಾಕುವ ಸ್ಥಿತಿಗೆ ಬಂದದ್ದು ಹೇಗೆ ಎಂಬುದೇ ಇಲ್ಲಿಯ ಪ್ರಶ್ನೆ. ಉತ್ತರವನ್ನು ಪ್ರಯೋಗಾಲಯದಲ್ಲಿ ಹುಡುಕಿದರೆ ಸಿಗುವುದಿಲ್ಲ; ಅದು ಹಂಚಿಕೆಯ ಸೂತ್ರದಲ್ಲಿದೆ.

ಹಣ ಹರಿದು ಬರುವ ಎರಡು ಕಾಲುವೆಗಳು

ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳಿಗೆ ಸರ್ಕಾರದ ಸಂಶೋಧನಾ ಹಣ ಎರಡು ದಾರಿಗಳಲ್ಲಿ ಬರುತ್ತದೆ. ಒಂದು, ನಿರ್ದಿಷ್ಟ ಯೋಜನೆಗೆ ಅರ್ಜಿ ಹಾಕಿ ಸಂಶೋಧನಾ ಮಂಡಳಿಗಳಿಂದ ಪಡೆಯುವ ಪ್ರಾಜೆಕ್ಟ್ ಹಣ. ಇನ್ನೊಂದು, ಯಾವ ಯೋಜನೆಗೂ ಕಟ್ಟುಹಾಕದೆ ವಿಶ್ವವಿದ್ಯಾಲಯಕ್ಕೆ ಇಡುಗಂಟಾಗಿ ಕೊಡುವ ವಾರ್ಷಿಕ ಅನುದಾನ. ಅಧ್ಯಾಪಕರ ಸಂಬಳದ ಸಂಶೋಧನೆಯ ಪಾಲು, ಗ್ರಂಥಾಲಯ, ಕಟ್ಟಡ, ತಂತ್ರಜ್ಞರು, ವಿದ್ಯುತ್ತು, ಇನ್ನೂ ಯಾರೂ ಹಣ ಕೊಡದ ಹೊಸ ಯೋಚನೆಯೊಂದರ ಮೊದಲ ಪ್ರಯೋಗ, ಇವೆಲ್ಲ ನಡೆಯುವುದು ಈ ಎರಡನೆಯ ಹಣದಿಂದ. ಪ್ರಾಜೆಕ್ಟ್ ಹಣ ಮಳೆಯಾದರೆ ಇಡುಗಂಟು ಅಂತರ್ಜಲ. 2004ರಲ್ಲಿ ಇಂಗ್ಲೆಂಡಿನ ಮಟ್ಟಿಗೆ ಈ ಇಡುಗಂಟನ್ನು ಹಂಚುತ್ತಿದ್ದುದು 1992ರಲ್ಲಿ ಸ್ಥಾಪನೆಯಾದ ಇಂಗ್ಲೆಂಡ್ ಉನ್ನತ ಶಿಕ್ಷಣ ಅನುದಾನ ಮಂಡಳಿ. ಅದನ್ನು ಹ್ರಸ್ವವಾಗಿ ಹೆಫ್ಕಿ ಎನ್ನುತ್ತಿದ್ದರು. ಇಲ್ಲಿ ಮಂಡಳಿ ಎಂದಷ್ಟೇ ಕರೆಯುತ್ತೇನೆ.

ಮೊದಲು ಈ ಹಂಚಿಕೆಯಲ್ಲಿ ದರ್ಜೆಯ ಮಾತೇ ಇರಲಿಲ್ಲ. 1919ರಲ್ಲಿ ಸ್ಥಾಪನೆಯಾಗಿದ್ದ ಬ್ರಿಟನ್ನಿನ ವಿಶ್ವವಿದ್ಯಾಲಯ ಅನುದಾನ ಸಮಿತಿಯು, ನಮ್ಮ ಯುಜಿಸಿಗೆ ಹೆಸರನ್ನೂ ಬಹುಮಟ್ಟಿಗೆ ಮಾದರಿಯನ್ನೂ ಒದಗಿಸಿದ ಸಂಸ್ಥೆಯಿದು, ವಿಶ್ವವಿದ್ಯಾಲಯಗಳ ಗಾತ್ರ ಮತ್ತು ಅಗತ್ಯಗಳನ್ನು ನೋಡಿ ಹಣ ಕೊಡುತ್ತಿತ್ತು. ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಸಂಶೋಧನೆ ನಡೆಯುತ್ತದೆ, ನಡೆಯಬೇಕು ಎಂಬುದು ಅದರ ತಳಹದಿಯಾಗಿತ್ತು. 1980ರ ದಶಕದಲ್ಲಿ ಥ್ಯಾಚರ್ ಸರ್ಕಾರ ಬೊಕ್ಕಸವನ್ನು ಬಿಗಿಹಿಡಿದಾಗ, ಇರುವಷ್ಟನ್ನು ಎಲ್ಲರಿಗೂ ತೆಳ್ಳಗೆ ಸವರುವ ಬದಲು ಆಯ್ದು ಕೊಡಬೇಕು ಎಂಬ ವಾದ ಬಲಗೊಂಡಿತು. ಹೀಗೆ 1986ರಲ್ಲಿ ಸಂಶೋಧನಾ ಮೌಲ್ಯಮಾಪನ ಮೊದಲಾಯಿತು. 1989, 1992, 1996, 2001 ಮತ್ತು 2008ರಲ್ಲಿ ಮರುಕಳಿಸಿತು. ಪ್ರತಿಯೊಂದು ವಿಷಯಕ್ಕೂ ಪರಿಣತರ ಒಂದು ಸಮಿತಿ ಇರುತ್ತಿತ್ತು. ವಿಭಾಗಗಳು ತಮ್ಮ ಸಂಶೋಧಕರ ಆಯ್ದ ಪ್ರಕಟಣೆಗಳನ್ನು ಸಲ್ಲಿಸುತ್ತಿದ್ದವು, ಸಮಿತಿ ಓದಿ ದರ್ಜೆ ಕೊಡುತ್ತಿತ್ತು. 2001ರಲ್ಲಿ 173 ಸಂಸ್ಥೆಗಳಿಂದ 2,598 ವಿಭಾಗವಾರು ಸಲ್ಲಿಕೆಗಳು ಬಂದಿದ್ದವು. ದರ್ಜೆಗಳು 1ರಿಂದ ಆರಂಭವಾಗಿ 2, 3ಬಿ, 3ಎ, 4, 5 ಎಂದು ಮೇಲೇರಿ 5 ಸ್ಟಾರ್‌ನಲ್ಲಿ ಮುಗಿಯುತ್ತಿದ್ದವು.

ದರ್ಜೆ ಕೊಡುವ ಈ ಕೆಲಸವನ್ನು ಬ್ರಿಟಿಷ್ ಅಧ್ಯಾಪಕರು ಎಷ್ಟೇ ದೂರಿದರೂ ಅದು ತಕ್ಕಮಟ್ಟಿಗೆ ಪ್ರಾಮಾಣಿಕವಾಗಿ ನಡೆಯುತ್ತಿತ್ತೆಂದೇ ನನ್ನ ತಿಳಿವಳಿಕೆ. ಓದುವವರು ಅದೇ ವಿಷಯದ ಜನ, ಮಾನದಂಡ ಬಹಿರಂಗ, ಫಲಿತಾಂಶವೂ ಬಹಿರಂಗ. ಆದರೆ ದರ್ಜೆ ಕೊಡುವುದು ಬೇರೆ, ದರ್ಜೆಗೆ ಬೆಲೆ ಕಟ್ಟುವುದು ಬೇರೆ. ಪರಿಣತರ ಸಮಿತಿಯ ಅಧಿಕಾರ ದರ್ಜೆಯೊಂದಿಗೆ ಮುಗಿಯುತ್ತಿತ್ತು. ಒಂದು 4ಕ್ಕೆ ಎಷ್ಟು ಪೌಂಡ್, ಒಂದು 5ಕ್ಕೆ ಎಷ್ಟು ಎಂಬುದನ್ನು ಮಂಡಳಿಯು ಫಲಿತಾಂಶ ಬಂದ ಮೇಲೆ, ಸರ್ಕಾರದ ಬಜೆಟ್ಟನ್ನೂ ಸಚಿವರ ಇಂಗಿತವನ್ನೂ ನೋಡಿಕೊಂಡು ಗೊತ್ತುಮಾಡುತ್ತಿತ್ತು. ಎಕ್ಸೆಟರ್‌ನ ಕಥೆ ಇರುವುದು ಈ ಎರಡನೆಯ ಹೆಜ್ಜೆಯಲ್ಲಿ.

ನೂರು ಪೌಂಡಿನ ಲೆಕ್ಕ

ಸೂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಂಡಳಿಯು ಒಟ್ಟು ಹಣವನ್ನು ಮೊದಲು ವಿಷಯಗಳ ನಡುವೆ ಹಂಚುತ್ತಿತ್ತು: ಆ ವಿಷಯದಲ್ಲಿರುವ ಸಂಶೋಧಕರ ಸಂಖ್ಯೆ ಒಂದು ಅಳತೆ, ಆ ವಿಷಯದ ಖರ್ಚು ಇನ್ನೊಂದು. ಪ್ರಯೋಗಾಲಯ ಬೇಕಾದ ವಿಷಯಕ್ಕೆ 1.6, ನಡುವಿನ ವಿಷಯಗಳಿಗೆ 1.3, ಪುಸ್ತಕ ಮತ್ತು ಮೇಜು ಸಾಕಾಗುವ ವಿಷಯಗಳಿಗೆ 1 ಎಂಬ ತೂಕ. ಹೀಗೆ ರಸಾಯನಶಾಸ್ತ್ರದ ಪಾಲಿಗೆ ಬಂದ ಮಡಕೆಯನ್ನು ಆಮೇಲೆ ದೇಶದ ರಸಾಯನಶಾಸ್ತ್ರ ವಿಭಾಗಗಳ ನಡುವೆ, ಪ್ರತಿ ವಿಭಾಗದ ಸಂಶೋಧಕರ ಸಂಖ್ಯೆಯನ್ನು ಅದರ ದರ್ಜೆಯ ತೂಕದಿಂದ ಗುಣಿಸಿ ಬಡಿಸುತ್ತಿದ್ದರು. ಆದ್ದರಿಂದ ಎಕ್ಸೆಟರ್‌ನ ರಸಾಯನಶಾಸ್ತ್ರ ಸ್ಪರ್ಧಿಸುತ್ತಿದ್ದುದು ಎಕ್ಸೆಟರ್‌ನ ಇತಿಹಾಸ ವಿಭಾಗದೊಂದಿಗಲ್ಲ, ಕೇಂಬ್ರಿಜ್ ಮತ್ತು ಬ್ರಿಸ್ಟಲ್‌ನ ರಸಾಯನಶಾಸ್ತ್ರದೊಂದಿಗೆ.

1996ರ ಮೌಲ್ಯಮಾಪನದ ನಂತರ ಜಾರಿಯಲ್ಲಿದ್ದ ತೂಕಗಳು ಹೀಗಿದ್ದವು: 3ಬಿಗೆ 1, 3ಎಗೆ 1.5, 4ಕ್ಕೆ 2.25, 5ಕ್ಕೆ 3.375, 5 ಸ್ಟಾರ್‌ಗೆ 4.05. ಅಂದರೆ 4ನೇ ದರ್ಜೆಯ ವಿಭಾಗದ ಒಬ್ಬ ಸಂಶೋಧಕನ ಹೆಸರಿನಲ್ಲಿ ನೂರು ಪೌಂಡ್ ಬಂದರೆ, 5ನೇ ದರ್ಜೆಯವನ ಹೆಸರಿನಲ್ಲಿ 150, 5 ಸ್ಟಾರ್‌ನವನ ಹೆಸರಿನಲ್ಲಿ 180 ಬರುತ್ತಿತ್ತು. ಅಂತರವಿತ್ತು, ಆದರೆ ಮೆಟ್ಟಿಲುಗಳು ಹತ್ತುವಂತಿದ್ದವು. 4ರಲ್ಲಿರುವ ವಿಭಾಗವೊಂದು ಆ ಹಣದಲ್ಲೇ ಒಂದಿಬ್ಬರು ಒಳ್ಳೆಯ ಯುವ ಅಧ್ಯಾಪಕರನ್ನು ತಂದು ಮುಂದಿನ ಸಲ 5ಕ್ಕೆ ಏರುವ ಕನಸು ಕಾಣಬಹುದಿತ್ತು. ಹಲವು ವಿಭಾಗಗಳು ಹಾಗೆ ಏರಿದವು ಕೂಡ.

ತೊಡಕು ಬಂದದ್ದು ಆ ಏರಿಕೆಯಿಂದಲೇ. 1996ರಲ್ಲಿ 5 ಮತ್ತು 5 ಸ್ಟಾರ್ ವಿಭಾಗಗಳಲ್ಲಿದ್ದ ಸಂಶೋಧಕರು ಶೇ. 31ರಷ್ಟು, 2001ರ ಫಲಿತಾಂಶದಲ್ಲಿ ಅವರು ಶೇ. 55. ಎಲ್ಲರೂ ಮೇಲೇರಿದರು, ಆದರೆ ಮಡಕೆ ಅಷ್ಟರಮಟ್ಟಿಗೆ ದೊಡ್ಡದಾಗಲಿಲ್ಲ. ಹಳೆಯ ದರದಲ್ಲೇ ಎಲ್ಲರಿಗೂ ಕೊಡಲು ಖಜಾನೆಯಿಂದ ಹಣ ಬರಲಿಲ್ಲ. ಆಗ ಮಂಡಳಿಯ ಎದುರು ಎರಡು ದಾರಿಗಳಿದ್ದವು: ಎಲ್ಲರ ದರವನ್ನೂ ಒಂದಿಷ್ಟು ಇಳಿಸುವುದು, ಇಲ್ಲವೇ ಮೇಲಿನವರನ್ನು ಕಾಪಾಡಿ ಕೆಳಗಿನವರ ತಟ್ಟೆಯಿಂದ ತೆಗೆಯುವುದು. ಮಂಡಳಿ ಎರಡನೆಯದನ್ನು ಆರಿಸಿತು. 2002–03ರಲ್ಲಿ 3ಬಿಗೆ ಸೊನ್ನೆ, 3ಎಗೆ 0.31, 4ಕ್ಕೆ 1, 5ಕ್ಕೆ 1.89, 5 ಸ್ಟಾರ್‌ಗೆ 2.71 ಎಂದಾಯಿತು. 2003ರ ಜನವರಿಯಲ್ಲಿ ಶಿಕ್ಷಣ ಸಚಿವ ಚಾರ್ಲ್ಸ್ ಕ್ಲಾರ್ಕ್ ಅವರು ಉನ್ನತ ಶಿಕ್ಷಣದ ಭವಿಷ್ಯ ಕುರಿತ ಶ್ವೇತಪತ್ರ ಹೊರಡಿಸಿದರು. ಆಗಲೇ ಮಂಡಳಿಯ ಸಂಶೋಧನಾ ಹಣದ ಸುಮಾರು ಮುಕ್ಕಾಲು ಭಾಗ 25 ಸಂಸ್ಥೆಗಳಿಗೆ ಹೋಗುತ್ತಿತ್ತು. ಶ್ವೇತಪತ್ರವು ಹಣವನ್ನು ಅತ್ಯುತ್ತಮರಲ್ಲಿ ಇನ್ನಷ್ಟು ಕೇಂದ್ರೀಕರಿಸಬೇಕೆಂದಿತು. ಅದರ ಬೆನ್ನಿಗೇ 2003–04ರಲ್ಲಿ 3ಎ ಕೂಡ ಸೊನ್ನೆಯಾಯಿತು. 4ಕ್ಕೆ 1, 5ಕ್ಕೆ 2.793, 5 ಸ್ಟಾರ್‌ಗೆ 3.357.

ನಮ್ಮ ನೂರು ಪೌಂಡಿನ ಲೆಕ್ಕಕ್ಕೆ ಮರಳಿದರೆ, 4ನೇ ದರ್ಜೆಯವರ ಪ್ರತಿ ನೂರಕ್ಕೆ 5ನೇ ದರ್ಜೆಯವರಿಗೆ ಮೊದಲು 150 ಬರುತ್ತಿದ್ದದ್ದು 189 ಆಗಿ, ಮರುವರ್ಷ 279 ಆಯಿತು. 5 ಸ್ಟಾರ್‌ನವರಿಗೆ 180 ಇದ್ದದ್ದು 271, ಆಮೇಲೆ 336. ಎಕ್ಸೆಟರ್‌ನ ರಸಾಯನಶಾಸ್ತ್ರಜ್ಞರು ಬರೆದ ಪ್ರಬಂಧಗಳು ಈ ಎರಡು ವರ್ಷಗಳಲ್ಲಿ ಬದಲಾಗಿರಲಿಲ್ಲ, ಅವರ ದರ್ಜೆಯೂ ಬದಲಾಗಿರಲಿಲ್ಲ. ಬದಲಾದದ್ದು ಆ ದರ್ಜೆಯ ಬೆಲೆ ಮಾತ್ರ. ಇಪ್ಪತ್ತು ಸಂಶೋಧಕರಿರುವ 4ನೇ ದರ್ಜೆಯ ವಿಭಾಗಕ್ಕೆ ಈಗ ಬರುವ ಹಣ 5ನೇ ದರ್ಜೆಯ ಏಳೆಂಟು ಜನರ ಒಂದು ಪುಟ್ಟ ಗುಂಪು ಪಡೆಯುವುದಕ್ಕೆ ಸಮ. ಆದರೆ ಕಟ್ಟಡ ಇಪ್ಪತ್ತು ಜನರದ್ದೇ, ಕರೆಂಟ್ ಬಿಲ್ಲೂ ಇಪ್ಪತ್ತು ಜನರದ್ದೇ.

ರಸಾಯನಶಾಸ್ತ್ರವೇ ಏಕೆ

4ನೇ ದರ್ಜೆ ಪಡೆದ ವಿಭಾಗಗಳು ಎಲ್ಲ ವಿಷಯಗಳಲ್ಲೂ ಇದ್ದವು. ಆದರೆ ಪೆಟ್ಟು ಜೋರಾಗಿ ತಗುಲಿದ್ದು ರಸಾಯನಶಾಸ್ತ್ರ, ಭೌತಶಾಸ್ತ್ರಗಳಂಥ ವಿಷಯಗಳಿಗೆ. ಒಮ್ಮೆಯಾದರೂ ಸಂಶ್ಲೇಷಣಾ ಪ್ರಯೋಗಾಲಯದಲ್ಲಿ ನಿಂತವರಿಗೆ ಇದಕ್ಕೆ ವಿವರಣೆ ಬೇಕಾಗಿಲ್ಲ. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಫ್ಯೂಮ್ ಹುಡ್‌ನಲ್ಲಿ ಜಾಗ ಬೇಕು. ಗಾಜಿನ ಬಾಗಿಲಿನ ಆ ಪೆಟ್ಟಿಗೆ ದ್ರಾವಕಗಳ ಹಬೆಯನ್ನು ಸೆಳೆದು ಚಾವಣಿಯ ಆಚೆ ಬಿಡುತ್ತದೆ, ಹಾಗೆ ಬಿಡುವಾಗ ಚಳಿಗಾಲದಲ್ಲಿ ಹಣ ಸುಟ್ಟು ಬೆಚ್ಚಗೆ ಮಾಡಿದ ಗಾಳಿಯನ್ನೂ ಹೊರಕ್ಕೆ ಊದುತ್ತದೆ. ಅಣುಗಳ ರಚನೆಯನ್ನು ತಿಳಿಸುವ ಎನ್‌ಎಂಆರ್ ಯಂತ್ರದ ಅತಿವಾಹಕ ಕಾಂತವು ದ್ರವ ಹೀಲಿಯಂನಲ್ಲಿ ಮುಳುಗಿರಬೇಕು. ಯಾರೂ ಯಂತ್ರ ಬಳಸದಿದ್ದರೂ ಹೀಲಿಯಂ ಆವಿಯಾಗುತ್ತಲೇ ಇರುತ್ತದೆ, ಅದರ ಹೊರಗವಚದ ದ್ರವ ಸಾರಜನಕವನ್ನಂತೂ ತಪ್ಪದೆ ತುಂಬುತ್ತಿರಬೇಕು. ಬೇಸಿಗೆ ರಜೆಯೆಂದು ಬೀಗ ಹಾಕಿ ಹೋಗುವಂತಿಲ್ಲ. ಪುಸ್ತಕದ ಖರೀದಿಯನ್ನು ಒಂದು ವರ್ಷ ಮುಂದೂಡಬಹುದು, ಹೀಲಿಯಂ ಖರೀದಿಯನ್ನು ಮುಂದೂಡಲಾಗದು.

ಇಷ್ಟು ಸಾಲದೆಂಬಂತೆ ಬೋಧನೆಯ ಅನುದಾನದಲ್ಲೂ ಕಡಿತ ಬಂತು. ತರಗತಿಯಲ್ಲಿ ಕೂತು ಕಲಿಯುವ ವಿದ್ಯಾರ್ಥಿಗೆ 1 ಎಂದಾದರೆ ಪ್ರಯೋಗಾಲಯದ ವಿದ್ಯಾರ್ಥಿಗೆ 2 ಎಂದು ಮಂಡಳಿ ಲೆಕ್ಕ ಹಾಕುತ್ತಿದ್ದ ತೂಕವು 2004–05ರಲ್ಲಿ 1.7ಕ್ಕೆ ಇಳಿಯಿತು. ಪ್ರಾಜೆಕ್ಟ್ ಹಣದಿಂದ ಈ ಕೊರತೆಯನ್ನು ತುಂಬಿಕೊಳ್ಳೋಣವೆಂದರೆ ಅದೂ ಆಗುತ್ತಿರಲಿಲ್ಲ. ಆಗ ಸಂಶೋಧನಾ ಮಂಡಳಿಗಳು ಪ್ರಾಜೆಕ್ಟಿನ ನೇರ ಖರ್ಚಿನ ಜೊತೆಗೆ ಸಿಬ್ಬಂದಿ ವೆಚ್ಚದ ಶೇ. 46ರಷ್ಟನ್ನು ಓವರ್‌ಹೆಡ್ ಆಗಿ, ಎಂದರೆ ಕಟ್ಟಡ, ವಿದ್ಯುತ್ತಿನಂಥ ಪರೋಕ್ಷ ಖರ್ಚಿಗೆಂದು, ಕೊಡುತ್ತಿದ್ದವು. ನಿಜವಾದ ಖರ್ಚು ಅದಕ್ಕಿಂತ ಹೆಚ್ಚು. ಪೂರ್ಣ ವೆಚ್ಚವನ್ನು ಲೆಕ್ಕ ಹಾಕಿ ಅದರ ಶೇ. 80ರಷ್ಟನ್ನು ಕೊಡುವ ಪದ್ಧತಿ ಬಂದದ್ದು 2005ರ ಸೆಪ್ಟೆಂಬರ್‌ನಲ್ಲಿ, ಎಕ್ಸೆಟರ್‌ನ ತೀರ್ಮಾನವಾದ ಮೇಲೆ. ಅಲ್ಲಿಯವರೆಗೆ ಪ್ರತಿ ಹೊಸ ಪ್ರಾಜೆಕ್ಟ್ ಗೆದ್ದಾಗಲೂ ವಿಭಾಗವು ತನ್ನ ಇಡುಗಂಟಿನಿಂದ ಒಂದಿಷ್ಟು ಸೇರಿಸಬೇಕಾಗುತ್ತಿತ್ತು. ಇಡುಗಂಟೇ ಸೊರಗಿದಾಗ, ಗೆದ್ದ ಪ್ರಾಜೆಕ್ಟೂ ಭಾರವೇ.

ಹೀಗಾಗಿ ಎಕ್ಸೆಟರ್‌ನ ಆಡಳಿತದವರು ತಮ್ಮ ಲೆಕ್ಕಪುಸ್ತಕ ತೆರೆದಾಗ ರಸಾಯನಶಾಸ್ತ್ರದ ಸಾಲಿನಲ್ಲಿ ಕೆಂಪು ಅಂಕಿ ಕಾಣಿಸಿತು. ಕುಲಪತಿ ಸ್ಟೀವ್ ಸ್ಮಿತ್ ಅವರ ವಾದವನ್ನು ನ್ಯಾಯವಾಗಿ ಇಡಬೇಕೆಂದರೆ ಅದು ಹೀಗೆ: 4ರಿಂದ 5ಕ್ಕೆ ಏರಿಸಲು ಬೇಕಾಗುವ ಹೂಡಿಕೆಯನ್ನು ಎಲ್ಲ ವಿಭಾಗಗಳಲ್ಲೂ ಮಾಡಲು ವಿಶ್ವವಿದ್ಯಾಲಯದ ಬಳಿ ಹಣವಿಲ್ಲ; ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಾಕಿದರೆ ಎಲ್ಲವೂ 4ರಲ್ಲೇ ಉಳಿಯುತ್ತವೆ, 4ರಲ್ಲಿ ಉಳಿದವರು ಮುಳುಗುತ್ತಾರೆ; ಆದ್ದರಿಂದ ಬಲವಿರುವ ಕಡೆ ಹೂಡಿ ಉಳಿದದ್ದನ್ನು ಕೈಬಿಡಬೇಕು. ಸೂತ್ರ ಹೇಳಿಕೊಟ್ಟ ಪಾಠವನ್ನೇ ಅವರು ಒಪ್ಪಿಸಿದರು. 2005ರಲ್ಲಿ ವಿಭಾಗ ಮುಚ್ಚಿತು.

ಹೊಣೆ ಯಾರದ್ದು ಎಂಬ ಪ್ರಶ್ನೆ ಸಂಸತ್ತಿಗೆ ಬಂದಾಗ

ಎಕ್ಸೆಟರ್ ಒಂಟಿಯಾಗಿರಲಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜು 2003ರಲ್ಲೇ ರಸಾಯನಶಾಸ್ತ್ರವನ್ನು ಕೈಬಿಡುವ ತೀರ್ಮಾನ ಮಾಡಿತ್ತು. ನಮ್ಮ ಪಿಯುಸಿ ಪುಸ್ತಕಗಳಲ್ಲಿ ಬರುವ ಡೇನಿಯಲ್ ಕೋಶದ ಜಾನ್ ಫ್ರೆಡೆರಿಕ್ ಡೇನಿಯಲ್ 1831ರಲ್ಲಿ ಮೊದಲ ಪ್ರಾಧ್ಯಾಪಕರಾಗಿ ಸೇರಿದ ವಿಭಾಗವದು. ಬೇರೆ ಅನುದಾನ ಮಂಡಳಿಯ ಅಧೀನದಲ್ಲಿದ್ದ ವೇಲ್ಸ್‌ನಲ್ಲೂ ಸ್ವಾನ್ಸೀ ವಿಶ್ವವಿದ್ಯಾಲಯ 2004ರಲ್ಲಿ ಅದೇ ದಾರಿ ಹಿಡಿದಿತ್ತು. ಆದರೆ ಭೂಪಟದ ಮುಂದೆ ನಿಂತು ನೋಡಿದರೆ ಎಕ್ಸೆಟರ್‌ನ ನಷ್ಟದ ಸ್ವರೂಪ ಬೇರೆ. ಲಂಡನ್ನಿನಲ್ಲಿ ಒಂದು ವಿಭಾಗ ಮುಚ್ಚಿದರೆ ವಿದ್ಯಾರ್ಥಿ ಮೆಟ್ರೋ ಹತ್ತಿ ಇಂಪೀರಿಯಲ್‌ಗೋ ಯೂನಿವರ್ಸಿಟಿ ಕಾಲೇಜಿಗೋ ಹೋಗಬಹುದು. ಎಕ್ಸೆಟರ್‌ನಿಂದ ಬ್ರಿಸ್ಟಲ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಎಕ್ಸೆಟರ್‌ನಿಂದ ಪಶ್ಚಿಮಕ್ಕೆ ಕಾರ್ನ್‌ವಾಲ್‌ನ ತುದಿಯವರೆಗೆ ನೆಲ ಚಾಚಿಕೊಂಡಿದೆ. ಮನೆಯಿಂದಲೇ ಓಡಾಡಿ ಓದಬೇಕಾದ ಬಡ ಮನೆಯ ಹುಡುಗಿಗೆ, ಪ್ರಾಯೋಗಿಕ ಸಲಹೆ ಬೇಕಾದ ಸಣ್ಣ ಕಾರ್ಖಾನೆಗೆ, ವಿಜ್ಞಾನ ಬೋಧಕರನ್ನು ಹುಡುಕುವ ಊರಿನ ಶಾಲೆಗೆ, ಆ ವಿಭಾಗದ ಬೆಲೆ ಯಾವ ದರ್ಜೆಯಲ್ಲೂ ನಮೂದಾಗಿರಲಿಲ್ಲ. ಹಂಚಿಕೆಯ ಸೂತ್ರಕ್ಕೆ ಊರು ಕಾಣುವುದಿಲ್ಲ, ವಿಷಯ ಮತ್ತು ದರ್ಜೆ ಮಾತ್ರ ಕಾಣುತ್ತವೆ.

ಗದ್ದಲ ಜೋರಾದಾಗ, 2004ರ ಡಿಸೆಂಬರ್‌ನಲ್ಲಿ, ಚಾರ್ಲ್ಸ್ ಕ್ಲಾರ್ಕ್ ಅವರೇ ಮಂಡಳಿಗೆ ಪತ್ರ ಬರೆದು ರಾಷ್ಟ್ರೀಯ ಮಹತ್ವದ ವಿಷಯಗಳನ್ನು ಕಾಪಾಡುವುದು ಹೇಗೆಂದು ಸಲಹೆ ಕೇಳಿದರು. ಹಣವನ್ನು ಕೇಂದ್ರೀಕರಿಸಬೇಕೆಂಬ ಶ್ವೇತಪತ್ರಕ್ಕೆ ಸಹಿ ಹಾಕಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಸಂಸತ್ತಿನ ಕೆಳಮನೆಯ ವಿಜ್ಞಾನ ಮತ್ತು ತಂತ್ರಜ್ಞಾನ ಸಮಿತಿಯು ವಿಚಾರಣೆ ನಡೆಸಿ 2005ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ವಿಚಾರಣೆಯ ಉದ್ದಕ್ಕೂ ಹೊರಬಿದ್ದ ಸತ್ಯವೆಂದರೆ ಹೊಣೆ ಹೊರುವವರು ಯಾರೂ ಇಲ್ಲ ಎಂಬುದು. ವಿಶ್ವವಿದ್ಯಾಲಯ ಸ್ವಾಯತ್ತ, ವಿಭಾಗ ಮುಚ್ಚುವುದು ಅದರ ಹಕ್ಕು, ಆದ್ದರಿಂದ ನಮ್ಮ ಕೈಯಲ್ಲಿಲ್ಲ ಎಂದಿತು ಸರ್ಕಾರ. ನಾವು ಕೊಡುವುದು ಇಡುಗಂಟು, ಯಾವ ವಿಭಾಗಕ್ಕೆ ಎಷ್ಟು ಹಾಕಬೇಕೆಂಬುದು ಅವರಿಗೆ ಬಿಟ್ಟದ್ದು ಎಂದಿತು ಮಂಡಳಿ. ಸೂತ್ರ ನಮ್ಮದಲ್ಲ, ಬಂದ ಹಣದಲ್ಲಿ ಬದುಕಬೇಕಾದವರು ನಾವು ಎಂದಿತು ವಿಶ್ವವಿದ್ಯಾಲಯ. ಮೂವರ ಮಾತೂ ಅವರವರ ಮಟ್ಟಿಗೆ ನಿಜವೇ. ಕಾಗದದ ಮೇಲೆ ಇಡುಗಂಟು ಸ್ವತಂತ್ರ ಹಣ; ಆದರೆ ಎಷ್ಟು ಹಣ ಬಂದದ್ದು ಯಾವ ವಿಭಾಗದ ದರ್ಜೆಯಿಂದ ಎಂಬ ಪಟ್ಟಿಯನ್ನು ಮಂಡಳಿಯೇ ಪ್ರಕಟಿಸುತ್ತಿದ್ದಾಗ, ಕಡಿಮೆ ತಂದವರಿಗೆ ಹೆಚ್ಚು ಕೊಡುವ ಕುಲಪತಿಗೆ ತನ್ನ ಮನೆಯೊಳಗೇ ಉತ್ತರ ಹೇಳಬೇಕಾಗುತ್ತಿತ್ತು. ಸೂತ್ರವು ಹಣ ತರುವುದಕ್ಕಷ್ಟೇ ನಿಲ್ಲಲಿಲ್ಲ, ಹಣ ಹೋಗುವ ದಾರಿಯನ್ನೂ ಅದೇ ಕೊರೆಯಿತು.

ಸಮಿತಿ ಮುಂದಿಟ್ಟ ಪರಿಹಾರಗಳಲ್ಲಿ ಒಂದು ಗಮನಾರ್ಹ. ಒಂದು ಪ್ರದೇಶದ ವಿಶ್ವವಿದ್ಯಾಲಯಗಳನ್ನು ಬೈಸಿಕಲ್ ಚಕ್ರದ ಗುಂಬ ಮತ್ತು ಕಡ್ಡಿಗಳಂತೆ ಜೋಡಿಸಬೇಕು, ದುಬಾರಿ ಸಂಶೋಧನೆ ನಡುವಿನ ಸಂಸ್ಥೆಯಲ್ಲಿ ನಡೆಯಲಿ, ಆದರೆ ಸುತ್ತಲಿನ ಸಂಸ್ಥೆಗಳಲ್ಲಿ ಬೋಧನೆ ನಿಲ್ಲದಿರಲಿ ಎಂದು ಅದು ಹೇಳಿತು. ಹಬ್ ಮತ್ತು ಸ್ಪೋಕ್ ಎಂಬ ಹೆಸರಿನ ಈ ಮಾದರಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ನಮ್ಮಲ್ಲಿಗೂ ಬರುತ್ತದೆ.

ಮರುವರ್ಷ, 2006ರ ಮಾರ್ಚ್‌ನಲ್ಲಿ, ಸಸೆಕ್ಸ್ ವಿಶ್ವವಿದ್ಯಾಲಯವೂ ರಸಾಯನಶಾಸ್ತ್ರವನ್ನು ಕೈಬಿಡುವ ಯೋಜನೆ ಮುಂದಿಟ್ಟಾಗ ದೇಶ ಬೆಚ್ಚಿತು, ಏಕೆಂದರೆ ಇದು 4ನೇ ದರ್ಜೆಯ ವಿಭಾಗವಲ್ಲ, 5ನೇ ದರ್ಜೆಯದು. ಕ್ರೋಟೋ ಅವರು 1967ರಿಂದ ಕೆಲಸ ಮಾಡಿದ್ದು ಇಲ್ಲೇ. ಅರವತ್ತು ಇಂಗಾಲದ ಪರಮಾಣುಗಳು ಕಾಲ್ಚೆಂಡಿನ ಆಕಾರದಲ್ಲಿ ಹೆಣೆದುಕೊಂಡ ಅಣುವನ್ನು ಅವರು 1985ರಲ್ಲಿ ಅಮೆರಿಕದ ಸಂಗಾತಿಗಳೊಂದಿಗೆ ಕಂಡುಹಿಡಿದಿದ್ದರು; ಅದರ ಆಕಾರ ನಿಜಕ್ಕೂ ಚೆಂಡಿನದೇ ಎಂಬುದಕ್ಕೆ ಸಸೆಕ್ಸ್‌ನ ಅವರ ಗುಂಪು 1990ರಲ್ಲಿ ಎನ್‌ಎಂಆರ್ ಯಂತ್ರದಿಂದ ಸಾಕ್ಷ್ಯ ತೆಗೆದಿತ್ತು. ಅರವತ್ತೂ ಪರಮಾಣುಗಳು ಒಂದೇ ಬಗೆಯ ನೆರೆಹೊರೆಯಲ್ಲಿದ್ದರೆ ಯಂತ್ರದ ಹಾಳೆಯಲ್ಲಿ ಒಂದೇ ಒಂದು ಗೆರೆ ಏಳಬೇಕು, ಏಳಿತು. ಅಂಥ ಗೆರೆ ಮೂಡಿದ ಜಾಗವನ್ನೇ ಮುಚ್ಚುತ್ತಾರೆಂದಾಗ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಸಂಸತ್ತಿನ ಸಮಿತಿ ಎಲ್ಲರೂ ಮುಗಿಬಿದ್ದರು. ಎರಡೇ ತಿಂಗಳಲ್ಲಿ ಸಸೆಕ್ಸ್ ಹಿಂದೆ ಸರಿಯಿತು. ಅದೇ ವರ್ಷ ಮಂಡಳಿಯು ರಸಾಯನಶಾಸ್ತ್ರ, ಭೌತಶಾಸ್ತ್ರ ಮೊದಲಾದ ಅತಿ ದುಬಾರಿ ವಿಷಯಗಳ ಬೋಧನೆಗೆ ಮೂರು ವರ್ಷಗಳಲ್ಲಿ 7.5 ಕೋಟಿ ಪೌಂಡ್ ಹೆಚ್ಚುವರಿ ಹಣ ಪ್ರಕಟಿಸಿತು. ಎಕ್ಸೆಟರ್‌ಗೆ ಇದು ಒದಗಲಿಲ್ಲ.

ಸೂತ್ರ ತಿದ್ದಿದ ಮೇಲೆ

2008ರ ಮೌಲ್ಯಮಾಪನದಲ್ಲಿ ಇಡೀ ವಿಭಾಗಕ್ಕೆ ಒಂದೇ ದರ್ಜೆ ಹಚ್ಚುವ ಪದ್ಧತಿ ಹೋಯಿತು. ಈ ವಿಭಾಗದ ಕೆಲಸದಲ್ಲಿ ಶೇ. ಇಷ್ಟು 4 ಸ್ಟಾರ್ (ಹೊಸ ಅಳತೆಯಲ್ಲಿ ಎಲ್ಲಕ್ಕಿಂತ ಮೇಲಿನದು), ಇಷ್ಟು 3 ಸ್ಟಾರ್, ಇಷ್ಟು 2 ಸ್ಟಾರ್ ಎಂದು ಪಾಲುಗಳನ್ನು ತೋರಿಸತೊಡಗಿದರು. ಕೂದಲೆಳೆಯಲ್ಲಿ 5 ತಪ್ಪಿ 4ಕ್ಕೆ ಬಿದ್ದು ಸುಮಾರು ಮೂರನೇ ಎರಡು ಪಾಲು ಕಳೆದುಕೊಳ್ಳುವ ಪ್ರಪಾತ ಇಲ್ಲವಾಯಿತು. 2009–10ರಲ್ಲಿ 4, 3 ಮತ್ತು 2 ಸ್ಟಾರ್‌ಗಳಿಗೆ 7:3:1 ಎಂಬ ದರ ಇಟ್ಟಾಗ, ಅದುವರೆಗೆ ಸಂಶೋಧನಾ ಹಣದ ಮುಖವನ್ನೇ ಹೆಚ್ಚಾಗಿ ಕಾಣದಿದ್ದ ಹೊಸ ವಿಶ್ವವಿದ್ಯಾಲಯಗಳಿಗೂ, ಅಲ್ಲಲ್ಲಿ ಇದ್ದ ಒಳ್ಳೆಯ ಗುಂಪುಗಳ ಬಲದ ಮೇಲೆ, ಒಂದಿಷ್ಟು ಹರಿಯಿತು. ಇದು ನ್ಯಾಯವಾದ ಸುಧಾರಣೆಯೆಂದು ನಾನು ನಂಬುತ್ತೇನೆ. ಆದರೆ ಬೆಲೆ ಕಟ್ಟುವ ಕೈ ಸುಮ್ಮನಿರಲಿಲ್ಲ. ಮರುವರ್ಷವೇ ದರ 9:3:1 ಆಯಿತು, ಅದರ ಮರುವರ್ಷ 2 ಸ್ಟಾರ್‌ನ ತೂಕ 0.294ಕ್ಕೆ ಇಳಿಯಿತು, 2012–13ರಲ್ಲಿ ಸೊನ್ನೆಯಾಯಿತು. ಮುಂದಿನ ಮೌಲ್ಯಮಾಪನವಾದ ಮೇಲೆ, 2015–16ರಿಂದ, 4 ಸ್ಟಾರ್‌ಗೆ 4, 3 ಸ್ಟಾರ್‌ಗೆ 1. ಮೌಲ್ಯಮಾಪನ ಮಾಡಿದವರು ಅದೇ 2008ರ ಅಂಕಗಳನ್ನು ಕೊಟ್ಟು ಮನೆಗೆ ಹೋಗಿ ವರ್ಷಗಳಾಗಿದ್ದರೂ, ಆ ಅಂಕಗಳ ಅರ್ಥ ನಾಲ್ಕು ವರ್ಷಗಳಲ್ಲಿ ಮೂರು ಸಲ ಬದಲಾಯಿತು.

ಇನ್ನು ಎಕ್ಸೆಟರ್ ಏನಾಯಿತು? ಇದನ್ನು ಮುಚ್ಚಿಡುವುದು ಸರಿಯಲ್ಲ: ಅದು ಬೆಳೆಯಿತು. 2012ರಲ್ಲಿ ಬ್ರಿಟನ್ನಿನ ಪ್ರಮುಖ ಸಂಶೋಧನಾ ವಿಶ್ವವಿದ್ಯಾಲಯಗಳ ರಸೆಲ್ ಗ್ರೂಪ್‌ಗೆ ಸೇರಿತು. ಆಯ್ದು ಹೂಡುವ ಸ್ಮಿತ್ ಅವರ ತೀರ್ಮಾನ ಆ ಸಂಸ್ಥೆಗೆ ಒಳ್ಳೆಯದನ್ನೇ ಮಾಡಿತೆಂದು ವಾದಿಸುವವರಿಗೆ ಇದು ಬಲವಾದ ಪುರಾವೆ, ಮತ್ತು ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಸಂಸ್ಥೆಯೊಂದಕ್ಕೆ ಲಾಭವಾದ ತೀರ್ಮಾನವು ಪ್ರದೇಶಕ್ಕೂ ಲಾಭವಾಗಬೇಕೆಂದಿಲ್ಲ. ಎರಡೂ ಒಂದೇ ಎಂದು ಹಂಚಿಕೆಯ ಪದ್ಧತಿ ಎಣಿಸಿತು. ವಿಭಾಗವನ್ನು ಮುಚ್ಚುವುದಕ್ಕೆ ಒಂದು ವರ್ಷ ಸಾಕು. ತೆರೆಯುವುದಕ್ಕೆ ಎಷ್ಟು ಕಾಲ ಬೇಕೆಂಬುದಕ್ಕೆ ಉಳಿದ ಎರಡು ಸಂಸ್ಥೆಗಳನ್ನು ನೋಡಬೇಕು: ಕಿಂಗ್ಸ್ ಕಾಲೇಜು 2012ರಲ್ಲಿ ರಸಾಯನಶಾಸ್ತ್ರ ವಿಭಾಗವನ್ನು ಮತ್ತೆ ಕಟ್ಟಿತು, ಸ್ವಾನ್ಸೀ 2017ರಲ್ಲಿ ಆ ಪದವಿಯನ್ನು ಮತ್ತೆ ಆರಂಭಿಸಿತು. ಮಧ್ಯದ ದಶಕದಲ್ಲಿ ಅಲ್ಲಿ ಕಲಿಯಬೇಕಿದ್ದವರು ಬೇರೆ ಏನನ್ನೋ ಕಲಿತರು.

ನಮ್ಮ ಕಡೆಗೆ

ಭಾರತದಲ್ಲಿ ಹಂಚಿಕೆಯ ಪದ್ಧತಿಯೇ ಬೇರೆ. ಸಂಶೋಧನೆಗೆಂದು ದರ್ಜೆ ನೋಡಿ ಕೊಡುವ ವಾರ್ಷಿಕ ಇಡುಗಂಟು ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಿಗೆ ಇಲ್ಲ. ಸಂಬಳ ರಾಜ್ಯ ಸರ್ಕಾರದಿಂದ, ಸಂಶೋಧನೆಯ ಹಣ ಕೇಂದ್ರದ ಯೋಜನೆಗಳಿಂದ. 2023ರಲ್ಲಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಮಸೂದೆ ತಂದಾಗ ಸರ್ಕಾರದ ಕಡೆಯಿಂದಲೇ ಬಂದ ಲೆಕ್ಕವೊಂದಿದೆ: ಅದುವರೆಗಿನ ಮುಖ್ಯ ಸಂಶೋಧನಾ ಗ್ರ್ಯಾಂಟ್‌ಗಳಲ್ಲಿ ಸುಮಾರು ಶೇ. 65 ಐಐಟಿಗಳಿಗೆ ಹೋಗುತ್ತಿತ್ತು, ರಾಜ್ಯ ವಿಶ್ವವಿದ್ಯಾಲಯಗಳ ಪಾಲು ಶೇ. 11ರ ಆಸುಪಾಸು. ಸಂಶೋಧಕರ ಸಂಖ್ಯೆಯಲ್ಲಿ ರಾಜ್ಯ ವಿಶ್ವವಿದ್ಯಾಲಯಗಳೇ ಬಹಳ ಮುಂದೆ. ಇದನ್ನು ಸರಿಪಡಿಸಲೆಂದು ಪ್ರತಿಷ್ಠಾನವು ತಂದ ಪೇರ್ ಎಂಬ ಕಾರ್ಯಕ್ರಮದ ಮಾದರಿ ಹಬ್ ಮತ್ತು ಸ್ಪೋಕ್. ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಮೇಲಿರುವ ಸಂಸ್ಥೆ ಹಬ್, ಅದರ ಸುತ್ತ ಗರಿಷ್ಠ ಏಳು ಸ್ಪೋಕ್‌ಗಳು. ರಾಜ್ಯ ವಿಶ್ವವಿದ್ಯಾಲಯಗಳಿಗೆ ಸ್ಪೋಕ್‌ಗಳ ಸಾಲಿನಲ್ಲಿ ಜಾಗ.

ಈ ಕಾರ್ಯಕ್ರಮದ ಬಗ್ಗೆ ನನಗೆ ಭರವಸೆಯಿದೆ, ಅದಕ್ಕಾಗಿಯೇ ಎಕ್ಸೆಟರ್‌ನ ಕಡತವನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತೇನೆ. ನಾನು ಬಲ್ಲ ಒಂದು ರಾಜ್ಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೇಂದ್ರದ ಯೋಜನೆಯೊಂದರಲ್ಲಿ ಕೊಂಡ ದೊಡ್ಡ ಉಪಕರಣವಿದೆ. ಕೊಳ್ಳಲು ಹಣವಿತ್ತು, ಹಣ ಬಳಸಿದ್ದಕ್ಕೆ ಯುಟಿಲೈಸೇಶನ್ ಸರ್ಟಿಫಿಕೇಟನ್ನೂ ಸಮಯಕ್ಕೆ ಸರಿಯಾಗಿ ಕಳಿಸಿದರು. ಯೋಜನೆಯ ಅವಧಿ ಮುಗಿದ ಮೇಲೆ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದದ ಹಣ) ಕಟ್ಟುವುದು ಯಾವ ಲೆಕ್ಕದಿಂದ ಎಂಬ ಕಡತ ಹಣಕಾಸು ಶಾಖೆಗೂ ವಿಭಾಗಕ್ಕೂ ನಡುವೆ ಓಡಾಡುತ್ತಲೇ ಉಳಿಯಿತು; ಉಪಕರಣ ನಡೆಸುವ ತಂತ್ರಜ್ಞನ ಹುದ್ದೆ ಭರ್ತಿಯಾಗಲಿಲ್ಲ. ಈಗ ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆಯಿದೆ. ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಮಾದರಿಗಳನ್ನು ಪುಟ್ಟ ಶೀಶೆಗಳಲ್ಲಿ ಹಾಕಿ, ಚೀಟಿ ಅಂಟಿಸಿ, ಥರ್ಮಕೋಲ್ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಸ್ಲಾಟ್ ಸಿಕ್ಕರೆ ಅಂದೇ, ಇಲ್ಲವಾದರೆ ಮುಂದಿನ ವಾರ.

ಹಬ್‌ನಲ್ಲಿರುವ ಯಂತ್ರವನ್ನು ಸ್ಪೋಕ್‌ನವರು ಬಳಸಲು ಅವಕಾಶವಾದರೆ ಈ ಬಸ್ ಪ್ರಯಾಣ ಸ್ವಲ್ಪ ಸುಗಮವಾಗುತ್ತದೆ, ಅದೂ ಸಣ್ಣ ಉಪಕಾರವಲ್ಲ. ಆದರೆ ಪ್ಲಾಸ್ಟಿಕ್ ಹೊದ್ದ ಉಪಕರಣಕ್ಕೆ ಬೇಕಾಗಿರುವುದು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕೇಳದೆ ಬರುವ ಒಂದಿಷ್ಟು ಹಣ ಮತ್ತು ಒಬ್ಬ ಕಾಯಂ ತಂತ್ರಜ್ಞ. ಪೇರ್‌ನ ಅವಧಿ ಮುಗಿದ ಮೇಲೆ ಅದನ್ನು ಕೊಡುವವರು ಪ್ರತಿಷ್ಠಾನವೋ, ರಾಜ್ಯ ಸರ್ಕಾರವೋ, ವಿಶ್ವವಿದ್ಯಾಲಯವೋ ಎಂಬುದು ಯೋಜನೆ ಆರಂಭವಾಗುವಾಗಲೇ ಬರಹದಲ್ಲಿರಬೇಕು. ಇಲ್ಲವಾದರೆ ಎಕ್ಸೆಟರ್‌ನ ವಿಚಾರಣೆಯಲ್ಲಿ ಕೇಳಿಬಂದ ಮೂರು ಉತ್ತರಗಳನ್ನೇ ನಾವೂ ಮೂರು ಕಚೇರಿಗಳಿಂದ ಕೇಳಬೇಕಾಗುತ್ತದೆ.